ಆರು ಮಕ್ಕಳು ವಾದಿಸುವಾಗ ಉಳಿದವರಿಗೇನು ಕೆಲಸ?

ಪ್ರಶ್ನೆ: ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತೇನೆ. ತರಗತಿಯಲ್ಲಿ 45 ಮಕ್ಕಳು, ಪೀರಿಯಡ್ 40 ನಿಮಿಷ. ಇಷ್ಟರಲ್ಲಿ ತಂಡಗಳ ಚರ್ಚೆ ನಡೆಸಬಹುದೇ? ಕಳೆದ ಸಲ ಆರು ಮಂದಿ ಮಾತನಾಡಿದರು, ಮಿಕ್ಕವರು ಆಕಳಿಸಿದರು.

ಉತ್ತರ: ನಡೆಸಬಹುದು. ಆಕಳಿಕೆಗೆ ಹೊಣೆ ಮಕ್ಕಳಲ್ಲ, ನಮ್ಮ ಹಳೆಯ ಚಾಳಿ. ಅಪ್ಪ ಬರೆದುಕೊಟ್ಟ ಎರಡು ಪುಟ ಬಾಯಿಪಾಠ ಮಾಡಿ, ‘ನಿಷ್ಪಕ್ಷಪಾತ ತೀರ್ಪುಗಾರರೇ’ ಎಂದು ಶುರುಮಾಡಿ ಒಪ್ಪಿಸಿ ಇಳಿಯುವುದು ಭಾಷಣವೇ ಹೊರತು ಚರ್ಚೆಯಲ್ಲ.

‘ಮೊಬೈಲ್ ವರವೋ ಶಾಪವೋ’ ಸಾಕುಮಾಡಿ. ‘ಗಾಂಧಿ ಬಜಾರಿನ ಮುಖ್ಯರಸ್ತೆಗೆ ವಾರಾಂತ್ಯದಲ್ಲಿ ವಾಹನ ಬಿಡಬಾರದು’ ಎನ್ನುವಂಥ ವಿಷಯ ಕೊಡಿ. ಹೂವಿನವರನ್ನು ಕೇಳಿಬರಬಹುದು, ಸ್ಕೂಟರ್ ನಿಲ್ಲಿಸಲು ಅಪ್ಪ ಪಡುವ ಪಾಡನ್ನು ಹೇಳಬಹುದು. ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನ ತಡೆದು ನೋಡಿದ್ದರು. ಆ ಉದಾಹರಣೆ ಎರಡೂ ಕಡೆಯವರ ಕೈಗೆ ಸಿಗುತ್ತದೆ. ವಿಷಯವನ್ನು ವಾರ ಮೊದಲೇ ಹೇಳಿ. ಪರ ಯಾರು, ವಿರೋಧ ಯಾರು ಎಂಬುದನ್ನು ಮಾತ್ರ ಹಿಂದಿನ ದಿನ ನಾಣ್ಯ ಚಿಮ್ಮಿ ತೀರ್ಮಾನಿಸಿ. ಆಗ ಎರಡೂ ಪಕ್ಷ ಓದದೆ ವಿಧಿಯಿಲ್ಲ.

ತಂಡಕ್ಕೆ ಮೂವರು. ವಿಶ್ವ ಶಾಲಾ ಚರ್ಚಾಸ್ಪರ್ಧೆಯಲ್ಲಿ ಒಬ್ಬೊಬ್ಬರಿಗೆ 8 ನಿಮಿಷ ಸಿಗುತ್ತದೆ, ನಮಗೆ 3 ಧಾರಾಳ. ಒಮ್ಮೆ ಪರ, ಒಮ್ಮೆ ವಿರೋಧ ಎಂದು ಸರದಿ ಹಾಕಿದರೆ 18 ನಿಮಿಷ. ಅವಧಿ ಮುಗಿದದ್ದನ್ನು ತಿಳಿಸಲು ಸ್ಟೀಲ್ ಲೋಟಕ್ಕೆ ಚಮಚ ತಾಗಿಸಿದರಾಯಿತು. ಮೂರನೆಯವರು ಹೊಸ ವಾದ ತರುವಂತಿಲ್ಲ. ಎದುರಿನವರ ಮಾತನ್ನು ‘ನೀವು ಹೇಳಿದ್ದು ಇದು’ ಎಂದು ಸರಿಯಾಗಿ ತಿರುಗಿ ಹೇಳಿ, ಆಮೇಲೆ ಖಂಡಿಸಬೇಕು. ವಿರೋಧ ತಂಡದವರು ತಮ್ಮ ಪರಿಹಾರವನ್ನೂ ಮುಂದಿಡಲಿ. ಸ್ವಂತ ಪಕ್ಷ ಸ್ಥಾಪಿಸದೆ ಇನ್ನೊಬ್ಬರದನ್ನು ಒಡೆಯುತ್ತಲೇ ಹೋಗುವುದನ್ನು ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯಶಾಸ್ತ್ರ ವಿತಂಡ ಎನ್ನುತ್ತದೆ. ನಾವು ಆ ಪದವನ್ನು ಬೈಗುಳ ಮಾಡಿಕೊಂಡಿದ್ದೇವೆ, ಅದು ಬೇರೆ ಮಾತು. ಬಳಿಕ 3 ನಿಮಿಷ ಸಮಾಲೋಚನೆ, ತಂಡಕ್ಕೆ 2 ನಿಮಿಷದ ಸಮಾರೋಪದ ಮಾತು. ಅದರಲ್ಲಿ ವಿರೋಧದವರೇ ಮೊದಲು.

ಇನ್ನುಳಿದ 39 ಮಕ್ಕಳು? ಅವರೇ ತೀರ್ಪುಗಾರರು. ಪ್ರತಿಯೊಬ್ಬರೂ ಹಾಳೆಯನ್ನು ಉದ್ದಕ್ಕೆ ಮಡಿಸಲಿ. ಎಡಕ್ಕೆ ಒಂದು ತಂಡ ಹೇಳಿದ್ದು, ಅದರೆದುರು ಬಲಕ್ಕೆ ಇನ್ನೊಂದು ತಂಡ ಕೊಟ್ಟ ಉತ್ತರ. ಬಲಗಡೆ ಖಾಲಿ ಉಳಿದರೆ ಆ ಅಂಶ ಎಡಗಡೆಯವರದು. ಚಪ್ಪಾಳೆಗೆ ಅಂಕವಿಲ್ಲ. ಕೊನೆಯ ಹತ್ತು ನಿಮಿಷ ಈ ಹಾಳೆಗಳನ್ನು ಓದಿಸಿ, ಕೈಯೆತ್ತಿಸಿ.

ನನ್ನ ತರಗತಿಯಲ್ಲಿ ಒಮ್ಮೆ ಇಂಥದೇ ವಿಷಯದ ಚರ್ಚೆಯಲ್ಲಿ ಪರ ತಂಡದವರು ಗೆದ್ದೇಬಿಟ್ಟೆವೆಂದು ಬೀಗುತ್ತಿದ್ದರು. ವರ್ಷವಿಡೀ ಹಾಜರಿಗೆ ಬಿಟ್ಟರೆ ಬಾಯಿ ತೆರೆಯದ ಹುಡುಗಿಯೊಬ್ಬಳು ಕೊನೆಯ ಬೆಂಚಿನಿಂದ ಎದ್ದಳು. ‘ಸರ್, ಆಂಬುಲೆನ್ಸ್ ಎಲ್ಲಿಂದ ಬರುತ್ತದೆ ಎಂದು ವಿರೋಧದವರು ಕೇಳಿದ್ದರು. ನನ್ನ ಹಾಳೆಯಲ್ಲಿ ಇಲ್ಲಿ ಏನೂ ಇಲ್ಲ.’ ಅಕ್ಕಪಕ್ಕದವರು ತಮ್ಮ ಹಾಳೆ ನೋಡಿಕೊಂಡರು. ಅಲ್ಲೂ ಏನೂ ಇರಲಿಲ್ಲ. ತೀರ್ಪು ತಿರುಗಿತು; ಪರ ತಂಡದ ನಾಯಕ ಮರುದಿನವೂ ನನ್ನೊಡನೆ ಮಾತನಾಡಲಿಲ್ಲ.