ಕೈ ಕುಲುಕಿಸಿ ಕಳಿಸಿದರೆ ಮುಗಿಯಲ್ಲ

ಒಬ್ಬ ಹುಡುಗ ಇನ್ನೊಬ್ಬನಿಗೆ ಕಾಟ ಕೊಡುತ್ತಿದ್ದಾನೆ ಅಂತ ದೂರು ಹೋದರೆ ಹೆಡ್‌ಮಾಸ್ಟರ್ ರೂಮಿನಲ್ಲಿ ನಡೆಯುವುದು ಹೆಚ್ಚುಕಮ್ಮಿ ಒಂದೇ. ಇಬ್ಬರನ್ನೂ ಕರೆಸುತ್ತಾರೆ. ಅಕ್ಕಪಕ್ಕ ನಿಲ್ಲಿಸುತ್ತಾರೆ. ‘ಏನ್ರೋ ನಿಮ್ಮ ಗಲಾಟೆ?’ ಅಂತ ಒಮ್ಮೆ ಗದರುತ್ತಾರೆ. ಆಮೇಲೆ ದನಿ ಮೆತ್ತಗಾಗುತ್ತದೆ. ‘ನೀನು ಸಾರಿ ಹೇಳು. ನೀನೂ ಹೇಳು. ಕೈ ಕೊಡಿ. ಇನ್ಮೇಲೆ ಫ್ರೆಂಡ್ಸ್ ಆಗಿರಬೇಕು.’ ಬೆಲ್ ಹೊಡೆಯುವುದರೊಳಗೆ ಎಲ್ಲ ಮುಗಿದಿರುತ್ತದೆ. ಅಮ್ಮನಿಗೆ ಫೋನ್ ಹೋಗುತ್ತದೆ: ‘ಏನೂ ಇಲ್ಲಮ್ಮ, ಸರಿ ಮಾಡಿದೀವಿ.’

ತುಮಕೂರಿನಲ್ಲಿ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬರುವ ಎಷ್ಟೋ ಮಕ್ಕಳು ಈ ಶಾಸ್ತ್ರ ಮುಗಿಸಿಕೊಂಡೇ ಬಂದಿರುತ್ತಾರೆ. ಕೆಲವರಿಗೆ ಎರಡೆರಡು ಸಲ ಆಗಿರುತ್ತದೆ. ಹಿಂಸೆ ನಿಂತಿರುವುದಿಲ್ಲ. ನಿಂತಿರುವುದು ಮಗು ದೂರು ಹೇಳುವುದು ಮಾತ್ರ.

ಮೇಷ್ಟ್ರುಗಳ ಮೇಲೆ ನನಗೆ ಕೋಪಕ್ಕಿಂತ ಪ್ರೀತಿಯೇ ಜಾಸ್ತಿ. ಬಿಸಿಯೂಟದ ಲೆಕ್ಕ, ಮೊಟ್ಟೆ ಲೆಕ್ಕ, ಗಣತಿ, ಚುನಾವಣೆ, ಇಷ್ಟರ ನಡುವೆ ಅವರು ಪಾಠ ಮಾಡುತ್ತಾರಲ್ಲ, ಅದೇ ದೊಡ್ಡದು. ಆದರೆ ನಾನು ಶಾಲೆಗೆ ಹೋಗಿ ಕೂತಾಗ ಕೇಳುವ ಒಂದು ಮಾತು ಮಾತ್ರ ಮೈ ಉರಿಸುತ್ತದೆ: ‘ಒಂದೇ ಕೈಯಲ್ಲಿ ಚಪ್ಪಾಳೆ ಆಗಲ್ಲ, ಅಲ್ವಾ ಮೇಡಂ?’

ಆಗುತ್ತದೆ ಸಾರ್. ಇನ್ನೊಂದು ಕೈ ಜಾಗದಲ್ಲಿ ಕೆನ್ನೆ ಇದ್ದರೆ ಆಗುತ್ತದೆ.

ಎಲ್ಲ ಎಡವಟ್ಟಾಗುವುದು ಇಲ್ಲೇ. ಇಬ್ಬರು ಹುಡುಗರು ಕ್ರಿಕೆಟ್ ಬ್ಯಾಟಿಗಾಗಿ ಕಿತ್ತಾಡಿದರೆ ಅದು ಜಗಳ. ಇಬ್ಬರಿಗೂ ಒಂದೊಂದು ವಾದ ಇರುತ್ತದೆ. ಇವತ್ತು ಇವನು ಗೆದ್ದರೆ ನಾಳೆ ಅವನು ಗೆಲ್ಲಬಹುದು. ಅಂಥವರನ್ನು ಕೂರಿಸಿ ರಾಜಿ ಮಾಡಿಸಿ, ಖಂಡಿತ ಮಾಡಿಸಿ. ಕಾಟದ ಕಥೆ ಬೇರೆ. ಅಲ್ಲಿ ಒಬ್ಬನ ಕೈ ಯಾವಾಗಲೂ ಮೇಲೆ. ಅವನು ದಪ್ಪಗಿರಬಹುದು, ದೊಡ್ಡ ಕ್ಲಾಸಿನವನಿರಬಹುದು, ಅಥವಾ ಸುಮ್ನೆ ಅವನ ಹಿಂದೆ ನಾಲ್ಕು ಜನ ಇರಬಹುದು. ಇನ್ನೊಬ್ಬನಿಗೆ ತಿರುಗಿ ನಿಲ್ಲುವುದಕ್ಕೆ ಆಗುವುದಿಲ್ಲ. ಅದೇ ಮತ್ತೆ ಮತ್ತೆ ನಡೆಯುತ್ತದೆ. ಸ್ಕ್ಯಾಂಡಿನೇವಿಯಾದ ಮನಶ್ಶಾಸ್ತ್ರಜ್ಞ ಡಾನ್ ಓಲ್ವಿಯಸ್ 1970ರ ದಶಕದಲ್ಲೇ ಇದರ ಅಧ್ಯಯನ ಶುರು ಮಾಡಿದವರು. ಬೇಕಂತಲೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ಇಬ್ಬರ ಬಲ ಸಮ ಇಲ್ಲದಿರುವುದು, ಈ ಮೂರನ್ನು ಗುರುತಾಗಿ ಹೇಳಿದರು. ಮೊದಲ ಎರಡು ಎಲ್ಲರಿಗೂ ತಿಳಿಯುತ್ತದೆ. ಮೂರನೆಯದನ್ನು ಮರೆತೇಬಿಡುತ್ತೇವೆ. ನಾನು ಮೇಷ್ಟ್ರುಗಳಿಗೆ ಕೇಳುವುದು ಒಂದೇ ಪ್ರಶ್ನೆ: ನಾಳೆ ಇವರಿಬ್ಬರ ಜಾಗ ಅದಲುಬದಲು ಆಗುವ ಸಾಧ್ಯತೆ ಇದೆಯಾ? ಇಲ್ಲ ಅಂದರೆ ಅದು ಜಗಳ ಅಲ್ಲ. ಜಗಳ ಅಲ್ಲದ ಮೇಲೆ ರಾಜಿ ಯಾವುದರ ಮೇಲೆ? ಏಟು ತಿಂದವನು ಯಾವುದಕ್ಕೆ ಸಾರಿ ಹೇಳಬೇಕು?

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ಒಂದಿಷ್ಟು ಬದಲಿಸಿದ್ದೇನೆ. ಪಾವಗಡ ಕಡೆಯವನು, ಇಲ್ಲಿ ಹಾಸ್ಟೆಲ್‌ನಲ್ಲಿದ್ದು ಏಳನೇ ಕ್ಲಾಸ್ ಓದುತ್ತಿದ್ದ. ಪಾವಗಡ ನಮ್ಮ ಜಿಲ್ಲೆಯದೇ ಆದರೂ ಆಂಧ್ರದೊಳಗೆ ಚಾಚಿಕೊಂಡಿರುವ ತಾಲ್ಲೂಕು. ಮನೆಯಲ್ಲಿ ತೆಲುಗು ಆಡುವವರು ಬೇಕಾದಷ್ಟು ಜನ. ಇವನ ಕನ್ನಡದಲ್ಲೂ ಆ ರಾಗ ಇತ್ತು. ಬಾಯಿ ತೆರೆದರೆ ಹಿಂದಿನ ಬೆಂಚಿನ ಮೂವರು ‘ಏಮಂಡೀ’ ಅಂತ ಎಳೆಯುತ್ತಿದ್ದರು. ಹೊಡೆತ ಬಡಿತ ಏನೂ ಇಲ್ಲ. ಅಷ್ಟೇನಾ ಅಂತ ನಿಮಗೂ ಅನ್ನಿಸಬಹುದು. ಟೀಚರ್‌ಗೂ ಹಾಗೇ ಅನ್ನಿಸಿತು. ಕೆಲವು ತಿಂಗಳಲ್ಲಿ ಅವನು ಹಾಜರಿ ಕೂಗುವಾಗ ‘ಎಸ್ ಮಿಸ್’ ಅನ್ನುವುದನ್ನೂ ಬಿಟ್ಟ. ಕೈ ಮಾತ್ರ ಎತ್ತುತ್ತಿದ್ದ. ಆಮೇಲೆ ಒಂದು ದಿನ ಜಾಮಿಟ್ರಿ ಬಾಕ್ಸ್ ತೆಗೆದು ಎಸೆದ. ಒಬ್ಬನ ಹುಬ್ಬಿಗೆ ಬಿತ್ತು.

ಈಗ ಅದು ‘ಎರಡೂ ಕಡೆ ತಪ್ಪು’ ಆಯಿತು. ಇಬ್ಬರಿಂದಲೂ ಸಾರಿ ಹೇಳಿಸಿ ಕೈ ಕುಲುಕಿಸಿದರು. ಮಾರನೇ ದಿನದಿಂದ ಆ ಮೂವರು ಪ್ರತಿ ಪೀರಿಯಡ್ ಮುಗಿದ ಮೇಲೂ ಬಂದು, ‘ಕೈ ಕೊಡೋ, ನಾವು ಫ್ರೆಂಡ್ಸ್ ಅಲ್ವಾ’ ಅಂತ ಅವನ ಬೆರಳು ಹಿಸುಕುವುದು ಶುರು ಮಾಡಿದರು. ಟೀಚರ್ ನೋಡಿದರೆ ಹಲ್ಲು ಬಿಡುತ್ತಿದ್ದರು. ಮೇಲುನೋಟಕ್ಕೆ ಸ್ನೇಹವೇ. ಹೆಡ್‌ಮಾಸ್ಟರೇ ಕೊಡಿಸಿದ ಕೈ ಅಲ್ವಾ, ಬೇಡ ಅನ್ನುವುದು ಹೇಗೆ?

ಹಾಗಾದರೆ ಏನು ಮಾಡಬೇಕು? ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸಿ. ತೊಂದರೆಯಲ್ಲಿರುವ ಮಗುವನ್ನು ಮೊದಲು, ಬೇರೆಯವರ ಕಣ್ಣಿಗೆ ಬೀಳದ ಹಾಗೆ. ‘ಯಾಕೆ’ ಅಂತ ಕೇಳಬೇಡಿ, ಎಲ್ಲಿ, ಯಾವಾಗ, ಯಾರು ಯಾರಿದ್ದರು ಅಂತ ಕೇಳಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ, ಅದು ಉಳಿಸಿಕೊಳ್ಳಲಾಗದ ಮಾತು. ಕಾಟ ಕೊಟ್ಟವನ ಹತ್ತಿರ ‘ಅವನು ದೂರು ಕೊಟ್ಟಿದಾನೆ’ ಅನ್ನಬೇಡಿ, ‘ನಮಗೆ ಗೊತ್ತಾಗಿದೆ’ ಅಂದರೆ ಸಾಕು. ಜಾಗ ಬದಲಿಸುವುದಿದ್ದರೆ ಅವನ ಜಾಗ ಬದಲಿಸಿ. ನಮ್ಮಲ್ಲಿ ಏಟು ತಿಂದವನನ್ನೇ ಬೇರೆ ಸೆಕ್ಷನ್‌ಗೆ ಹಾಕುತ್ತಾರೆ, ಶಿಕ್ಷೆ ಯಾರಿಗೆ ಅಂತ ಇಡೀ ಕ್ಲಾಸಿಗೆ ತಿಳಿದುಹೋಗುತ್ತದೆ. ಹಾಗಂತ ಕಾಟ ಕೊಟ್ಟವನಿಗೆ ಬಾರಿಸಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅದಕ್ಕೆ ಬಿಡುವುದೂ ಇಲ್ಲ. ಜೊತೆಗೆ, ಬಲ ಇದ್ದವನು ಹೊಡೆಯಬಹುದು ಅನ್ನುವ ಪಾಠ ಅವನಿಗೆ ಮನೆಯಲ್ಲೇ ಆಗಿರಬಹುದು. ನೀವು ಇನ್ನೊಮ್ಮೆ ಹೇಳಿಕೊಟ್ಟ ಹಾಗಾಗುತ್ತದೆ.

ಆ ಮೂವರಲ್ಲಿ ನಿಜವಾಗಿ ಕಾಟ ಕೊಡುತ್ತಿದ್ದವನು ಒಬ್ಬನೇ. ಇನ್ನಿಬ್ಬರು ನಗುವುದಕ್ಕೆ ಇದ್ದವರು. ಉಳಿದ ಕ್ಲಾಸು ನೋಡುವುದಕ್ಕೆ ಇತ್ತು. ಕೆನಡಾದಲ್ಲಿ ಸಂಶೋಧಕರು ಶಾಲೆಯ ಮೈದಾನದಲ್ಲಿ ಕ್ಯಾಮೆರಾ ಇಟ್ಟು ನೋಡಿದರು. 2001ರಲ್ಲಿ ಅದರ ವರದಿ ಬಂತು. ಶೇ 88ರಷ್ಟು ಸಂದರ್ಭಗಳಲ್ಲಿ ಬೇರೆ ಮಕ್ಕಳು ಹತ್ತಿರದಲ್ಲೇ ಇದ್ದರು. ಅಡ್ಡ ಬಂದದ್ದು ಶೇ 19ರಷ್ಟು ಸಂದರ್ಭಗಳಲ್ಲಿ ಮಾತ್ರ. ಹಾಗೆ ಅಡ್ಡ ಬಂದಾಗ ಅರ್ಧಕ್ಕಿಂತ ಜಾಸ್ತಿ ಸಲ ಹತ್ತು ಸೆಕೆಂಡಿನೊಳಗೆ ಕಾಟ ನಿಂತಿತ್ತು. ಕೆನಡಾದ ಲೆಕ್ಕ ಇಲ್ಲಿಗೆ ಹಾಗೇ ಹೊಂದುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ನಗುವವರಿಲ್ಲದಿದ್ದರೆ ಆಟಕ್ಕೆ ರುಚಿ ಇರುವುದಿಲ್ಲ ಅನ್ನುವುದನ್ನು ಇಲ್ಲೂ ಕಂಡಿದ್ದೇನೆ. ಪಾವಗಡದ ಹುಡುಗನ ಕ್ಲಾಸ್ ಟೀಚರ್ ಕೊನೆಗೆ ಮಾಡಿದ್ದು ಅದನ್ನೇ. ಆ ಇಬ್ಬರನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿದರು. ಒಬ್ಬ ಅತ್ತುಬಿಟ್ಟನಂತೆ. ನಗದಿದ್ದರೆ ತನಗೂ ಒಂದು ಹೆಸರಿಡುತ್ತಾರೆ ಅನ್ನುವ ಭಯ ಅವನಿಗೆ. ಪೂರ್ತಿ ಸರಿಹೋಯಿತು ಅನ್ನಲಾರೆ. ಹುಡುಗ ಈಗ ಹಾಜರಿಗೆ ದನಿ ಕೊಡುತ್ತಾನೆ. ಉತ್ತರ ಹೇಳಲು ಇನ್ನೂ ಏಳುವುದಿಲ್ಲ.

ಇನ್ನು ಜಾಗ. ಟಾಯ್ಲೆಟ್, ನಲ್ಲಿ ಹತ್ತಿರ, ಬಸ್ಸು, ಊಟದ ಮೇಲಿನ ಆ ಇಪ್ಪತ್ತು ನಿಮಿಷ. ಯಾವ ಮೂಲೆಯಲ್ಲಿ ಏನು ನಡೆಯುತ್ತದೆ ಅಂತ ತಿಳಿಯಬೇಕಾದರೆ ಶಾಲೆಯ ಆಯಾನ ಕೇಳಿ, ಸ್ಟಾಫ್ ರೂಮಿಗಿಂತ ಚೆನ್ನಾಗಿ ಹೇಳುತ್ತಾರೆ. ಗುಬ್ಬಿ ಕಡೆಯಿಂದ ಬೆಳಿಗ್ಗೆ ಬರುವ ಬಸ್ಸಿನಲ್ಲಿ ಒಬ್ಬ ಕಂಡಕ್ಟರ್ ಇದ್ದರು. ಒಂದು ಹುಡುಗಿಯ ಬ್ಯಾಗನ್ನು ದಿನಾ ಯಾರೋ ಹಿಂದಕ್ಕೆ ಎಸೆಯುತ್ತಿದ್ದರು. ಅವರು ಯಾರನ್ನೂ ಬೈಯಲಿಲ್ಲ. ‘ಬಾಮ್ಮ, ಚಿಲ್ಲರೆ ಎಣಿಸಿಕೊಡು’ ಅಂತ ತಮ್ಮ ಸೀಟಿನ ಪಕ್ಕ ಕೂರಿಸಿಕೊಳ್ಳುತ್ತಿದ್ದರು. ಬಸ್ಸಿನ ಮಟ್ಟಿಗೆ ಅಷ್ಟಕ್ಕೇ ನಿಂತಿತು. ದೊಡ್ಡವರೊಬ್ಬರು ಹತ್ತಿರ ಇದ್ದರೆ ಅರ್ಧ ಕೆಲಸ ಆದ ಹಾಗೆ. ಇದಕ್ಕೆ ಬಜೆಟ್ ಬೇಕಿಲ್ಲ, ಆದರೂ ನಮ್ಮ ಶಾಲೆಗಳು ಮೊದಲು ಹಾಕಿಸುವುದು ಬ್ಯಾನರ್.

ರಾಜಿ ಮಾತೇ ಎತ್ತಬಾರದ ಸಂದರ್ಭಗಳೂ ಇವೆ. ಮೈ ಮುಟ್ಟುವುದು, ಬಟ್ಟೆ ಎಳೆಯುವುದು, ಫೋಟೊ ತೆಗೆದು ಹಂಚುವುದು ಲೈಂಗಿಕ ಕಿರುಕುಳವೇ ಆಗಿದ್ದರೆ 2012ರ ಪೋಕ್ಸೊ ಕಾಯ್ದೆ ಬರುತ್ತದೆ. ಅಲ್ಲಿ ವಿಷಯ ತಿಳಿದವರು ದೂರು ಕೊಡಲೇಬೇಕು, ಶಾಲೆ ಮುಚ್ಚಿಡುವ ಹಾಗಿಲ್ಲ. ಜಾತಿ ಹಿಡಿದು ಹೀಯಾಳಿಸಿದ್ದರೆ ಅದನ್ನೂ ಹುಡುಗಾಟ ಅಂತ ಬಿಡಬೇಡಿ. ಮಗು ಸಾಯುವ ಮಾತಾಡಿದರೆ ಸೋಮವಾರದ ತನಕ ಕಾಯಬೇಡಿ, ಒಂಟಿಯಾಗಿ ಬಿಡಬೇಡಿ, ತಕ್ಷಣ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಮಕ್ಕಳ ಸಹಾಯವಾಣಿ 1098 ಇದೆ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ.

ಅಪ್ಪಂದಿರಿಗೆ ಒಂದು ಮಾತು. ‘ನೀನೂ ಎರಡು ಬಿಡು’ ಅನ್ನಬೇಡಿ. ಬಿಡುವುದಕ್ಕೆ ಆಗುವ ಹಾಗಿದ್ದರೆ ಅವನು ನಿಮ್ಮ ಹತ್ತಿರ ಬರುತ್ತಲೇ ಇರಲಿಲ್ಲ. ಆ ಹುಡುಗನ ಮನೆಗೆ ನೀವೇ ನುಗ್ಗುವುದೂ ಬೇಡ. ಶಾಲೆಗೆ ಒಂದು ಪತ್ರ ಬರೆಯಿರಿ. ತಾರೀಕು, ಜಾಗ, ನಡೆದದ್ದು, ನೋಡಿದವರು ಯಾರು, ಅಷ್ಟೇ. ಬೈಗುಳ ಬೇಡ. ಮುಂದಿನ ಎರಡು ವಾರ ಯಾರು ಗಮನಿಸುತ್ತಾರೆ, ನಮಗೆ ಯಾವತ್ತು ತಿಳಿಸುತ್ತೀರಿ ಅಂತ ಕೇಳಿ. ಸೀಲ್ ಹಾಕಿಸಿ ಒಂದು ಪ್ರತಿ ಇಟ್ಟುಕೊಳ್ಳಿ. ಕೊನೆಗೆ ಒಂದು ಸಾಲು ಸೇರಿಸಿ: ದಯವಿಟ್ಟು ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಕೈ ಕುಲುಕಿಸಬೇಡಿ. ಹೆಡ್‌ಮಾಸ್ಟರ್‌ಗೆ ಬೇಜಾರಾದರೆ ನಾನು ಹೇಳಿದೆ ಅನ್ನಿ. ಅವರಲ್ಲಿ ಅರ್ಧ ಜನಕ್ಕೆ ನನ್ನ ಮೇಲೆ ಆಗಲೇ ಸಿಟ್ಟಿದೆ.