ಲಿವರ್ ಗಡ್ಡೆಗೆ ತೊಡೆಯಿಂದ ದಾರಿ

"ಡಾಕ್ಟ್ರೇ, ಆಂಜಿಯೋ ಅಂದ್ರೆ ಹಾರ್ಟಿಗೆ ಮಾಡೋದಲ್ವಾ? ಅಪ್ಪನಿಗೆ ಇರೋದು ಲಿವರ್ ಗಡ್ಡೆ." ಡೊಂಬಿವಲಿ, ಥಾಣೆ, ಮಾಟುಂಗಾದಿಂದ ಮುಂಬಯಿಯ ಪರೇಲ್‌ನ ನಮ್ಮ ಆಸ್ಪತ್ರೆಗೆ ಬರುವ ನಮ್ಮ ಕನ್ನಡದವರು ಈ ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ರಕ್ತನಾಳಕ್ಕೆ ಡೈ ಬಿಟ್ಟು ಎಕ್ಸ್‌ರೇಯಲ್ಲಿ ನೋಡುವುದೇ ಆಂಜಿಯೋ. 1927ರಲ್ಲಿ ಲಿಸ್ಬನ್‌ನ ಎಗಾಸ್ ಮೊನಿಜ್ ಮೆದುಳಿನ ನಾಳಗಳನ್ನು ಹೀಗೆ ನೋಡಿದರು. ಹಾರ್ಟಿನ ಸರದಿ ಬಂದದ್ದು ಆಮೇಲೆ.

ಲಿವರಿಗೆ ಎರಡು ಕಡೆಯಿಂದ ರಕ್ತ ಬರುತ್ತದೆ. ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ವೇನ್‌ನದು, ಉಳಿದ ಕಾಲು ಪಾಲು ಹೃದಯದ ಕಡೆಯಿಂದ ಬರುವ ಹೆಪಾಟಿಕ್ ಆರ್ಟರಿಯದು. ಬೆಳೆದ ಗಡ್ಡೆ ಮಾತ್ರ ಹೆಚ್ಚುಕಡಿಮೆ ಪೂರ್ತಿ ಆರ್ಟರಿಯನ್ನೇ ನಂಬಿರುತ್ತದೆ. ಆ ದಾರಿಯಲ್ಲಿ ಔಷಧ ಕಳಿಸಿ ಬಾಗಿಲು ಹಾಕಿದರೆ ಗಡ್ಡೆ ಸೊರಗುತ್ತದೆ, ಲಿವರ್ ಪೋರ್ಟಲ್ ರಕ್ತದಲ್ಲಿ ಬದುಕಿಕೊಳ್ಳುತ್ತದೆ. ಟೇಸ್ ಎಂಬ ಚಿಕಿತ್ಸೆ ಇಷ್ಟೇ. ಡಾಕ್ಸೊರುಬಿಸಿನ್‌ನಂಥ ಹಳೆಯ ಕೀಮೋ ಔಷಧವನ್ನು ಲಿಪಿಯೋಡಾಲ್ ಎಂಬ ಗಸಗಸೆ ಎಣ್ಣೆಯಲ್ಲಿ ಕಲಸಿ ಬಿಡುತ್ತೇವೆ. ಆಯ್ದ ರೋಗಿಗಳಲ್ಲಿ ಇದು ಆಯುಷ್ಯ ಹೆಚ್ಚಿಸುತ್ತದೆಂದು 2002ರಲ್ಲಿ ಬಾರ್ಸಿಲೋನಾ ಮತ್ತು ಹಾಂಗ್‌ಕಾಂಗ್‌ನ ಎರಡು ಟ್ರಯಲ್‌ಗಳು ತೋರಿಸಿದವು.

ತೊಡೆಯ ಸಂದಿಯಲ್ಲಿ ಸೂಜಿ, ಸೂಜಿಯೊಳಗೆ ತಂತಿ, ತಂತಿಯ ಮೇಲೆ ಕ್ಯಾಥೆಟರ್ ಎಂಬ ತೆಳು ಕೊಳವೆ: ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ಹೇಳಿಕೊಟ್ಟ ಈ ಕ್ರಮ ಇವತ್ತಿಗೂ ಬದಲಾಗಿಲ್ಲ. ಕ್ಯಾಥೆಟರಿನ ದಪ್ಪವನ್ನು ಫ್ರೆಂಚ್‌ನಲ್ಲಿ ಅಳೆಯುತ್ತಾರೆ, ಒಂದು ಫ್ರೆಂಚ್ ಎಂದರೆ ಮಿಲಿಮೀಟರಿನ ಮೂರನೇ ಒಂದು ಭಾಗ. 5 ಫ್ರೆಂಚ್‌ನದು ಆರ್ಟರಿಯ ಬಾಯಿಯವರೆಗೆ ಹೋಗುತ್ತದೆ. ಅದರೊಳಗಿಂದ ತೂರುವ ಮೈಕ್ರೋಕ್ಯಾಥೆಟರ್ ಒಂದು ಮಿಲಿಮೀಟರಿಗಿಂತ ತೆಳು. ಗಡ್ಡೆಯ ಕೊಂಬೆಗೆ ತಲುಪುವುದು ಅದು.

ರೋಗಿಯ ಮನೆಯವರು ಔಷಧದ ಹೆಸರು ಬರೆದುಕೊಳ್ಳುತ್ತಾರೆ. ನನ್ನ ಕಣ್ಣು ಮಾತ್ರ ಕ್ಯಾಥೆಟರಿನ ತುದಿಯ ಮೇಲೆ. ಪುಸ್ತಕದಲ್ಲಿ ಬರೆದ ಹಾಗೆ ಹೆಪಾಟಿಕ್ ಆರ್ಟರಿ ಇರುವುದು ನೂರರಲ್ಲಿ 55 ಜನರಿಗೆ ಎಂದು ಅಂಗರಚನಾ ತಜ್ಞ ಮೈಕಲ್ಸ್ 1966ರಲ್ಲೇ ಲೆಕ್ಕ ಕೊಟ್ಟಿದ್ದಾರೆ. ಉಳಿದವರಲ್ಲಿ ಬಲಗಡೆಯ ಕವಲು ಕರುಳಿನ ಆರ್ಟರಿಯಿಂದಲೋ, ಎಡಗಡೆಯದು ಜಠರದ ಆರ್ಟರಿಯಿಂದಲೋ ಹೊರಟಿರಬಹುದು. ಹುಡುಕದಿದ್ದರೆ ಅರ್ಧ ಗಡ್ಡೆಗೆ ಔಷಧವೇ ಸಿಗುವುದಿಲ್ಲ. ಇನ್ನೊಂದು ತೊಂದರೆ ಹಿಮ್ಮರಳುವುದು. ಭರತದ ಹೊತ್ತಿನಲ್ಲಿ ಮಳೆ ಹೊಡೆದರೆ ಇಲ್ಲೇ ಪರೇಲ್ ಬಳಿಯ ಹಿಂದ್‌ಮಾತಾದ ಚರಂಡಿ ನೀರು ಸಮುದ್ರಕ್ಕೆ ಹೋಗದೆ ರಸ್ತೆಗೆ ಏರುತ್ತದಲ್ಲ, ಹಾಗೆಯೇ ಗಡ್ಡೆಯ ನಾಳಗಳು ತುಂಬಿದ ಮೇಲೂ ಒತ್ತಿದರೆ ಔಷಧ ಹಿಂದಕ್ಕೆ ಬಂದು ಜಠರ, ಪಿತ್ತಕೋಶದ ಕವಲುಗಳಿಗೆ ಇಳಿಯುತ್ತದೆ. ಆಮೇಲೆ ಅಲ್ಸರ್. ತುದಿಯಲ್ಲಿ ಬಲೂನು ಇರುವ, ಹಿಂದಕ್ಕೆ ಬಿಡದ ಕವಾಟ ಇರುವ ಹೊಸ ಕ್ಯಾಥೆಟರ್‌ಗಳೆಲ್ಲ ಹುಟ್ಟಿದ್ದು ಇದಕ್ಕಾಗಿ. ಔಷಧ ಅದೇ, ಪ್ರಯೋಗ ನಡೆಯುವುದು ಕ್ಯಾಥೆಟರಿನ ಮೇಲೆ.

ವಿಕಿರಣ ಸೂಸುವ ಯಿಟ್ರಿಯಂ-90 ಇರುವ ಮಣಿಗಳನ್ನು ಇದೇ ದಾರಿಯಲ್ಲಿ ಗಡ್ಡೆಗೆ ಬಿಡುವ ಚಿಕಿತ್ಸೆಯಲ್ಲಿ ಇದು ಇನ್ನೂ ಸೂಕ್ಷ್ಮ. ಗಾಜಿನ ಮಣಿಗಳು 20ರಿಂದ 30 ಮೈಕ್ರಾನ್ ಅಷ್ಟೇ. ಅದರ ವಿಕಿರಣ ಅಂಗಾಂಶದಲ್ಲಿ ಸರಾಸರಿ ಎರಡೂವರೆ ಮಿಲಿಮೀಟರ್ ಹೋಗುತ್ತದೆ, 64 ಗಂಟೆಗೆ ಅರ್ಧವಾಗುತ್ತದೆ. ನಮ್ಮ ತ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಇಂಥ ಮಣಿಗಳನ್ನು ಇಲ್ಲೇ ತಯಾರಿಸಿದೆ, ಆಮದಿನ ಮಣಿಗಳ ಬೆಲೆ ನೋಡಿದವರಿಗೆ ಅದು ಎಷ್ಟು ದೊಡ್ಡ ಸಂಗತಿ ಎಂದು ಗೊತ್ತು. ಮಣಿ ಬಿಡುವ ಮೊದಲು ಇನ್ನೊಂದು ದಿನ ಬರೀ ಪರೀಕ್ಷೆಗೆ ಕರೆಯುತ್ತೇವೆ. ಸ್ಕ್ಯಾನಿನಲ್ಲಿ ಕಾಣುವ ಟೆಕ್ನೀಷಿಯಂ ಅಂಟಿಸಿದ ಆಲ್ಬುಮಿನ್ ಕಣಗಳನ್ನು ಅದೇ ಜಾಗದಿಂದ ಬಿಟ್ಟು, ಶ್ವಾಸಕೋಶಕ್ಕೆ ಎಷ್ಟು ಸೋರುತ್ತದೆ ಎಂದು ನೋಡಲು. "ಎರಡು ಸಲ ಯಾಕೆ, ಬಿಲ್ ಮಾಡೋಕಾ?" ಎಂದು ಕೇಳಿದವರಿದ್ದಾರೆ. ಅಲ್ಲ. ಸೋರಿಕೆ ಜಾಸ್ತಿ ಇದ್ದರೆ ಚಿಕಿತ್ಸೆಯನ್ನೇ ಕೈಬಿಡಬೇಕಾಗುತ್ತದೆ.

ಪತ್ರಿಕೆಗಳಲ್ಲಿ "ಲಿವರ್ ಕ್ಯಾನ್ಸರಿಗೆ ಹೊಸ ಚಿಕಿತ್ಸೆ" ಎಂದು ಬಂದಾಗ ಪ್ರಯೋಗ ಯಾರ ಮೇಲೆ ನಡೆದದ್ದು ಎಂದು ನೋಡಿ. ಹಲವು ಸಲ ಅದು ಮೊಲ. ವಿಎಕ್ಸ್2 ಎಂಬ ಗಡ್ಡೆಯನ್ನು ಮೊಲದ ಲಿವರಿನಲ್ಲಿ ನೆಟ್ಟರೆ ಎರಡು ಮೂರು ವಾರದಲ್ಲಿ ಬೆಳೆಯುತ್ತದೆ. ಅದಕ್ಕೂ ರಕ್ತ ಆರ್ಟರಿಯಿಂದಲೇ. ಮನುಷ್ಯರ ಮೈಕ್ರೋಕ್ಯಾಥೆಟರ್ ಮೊಲದ ಆರ್ಟರಿಗೂ ಹೋಗುತ್ತದೆ. ಹಾಗಾಗಿ ಸಂಶೋಧಕರಿಗೆ ಮೊಲ ಇಷ್ಟ. ಆದರೆ ವಿಎಕ್ಸ್2 ಲಿವರಿನಲ್ಲಿ ಹುಟ್ಟಿದ ಕ್ಯಾನ್ಸರ್ ಅಲ್ಲ, ಗಡ್ಡೆಯ ಸುತ್ತಲಿನ ಲಿವರ್ ಗಟ್ಟಿಮುಟ್ಟಾಗಿರುತ್ತದೆ. ನಮ್ಮ ರೋಗಿಗಳಲ್ಲಿ ಬಹುಪಾಲು ಜನರ ಲಿವರ್ ಹೆಪಟೈಟಿಸ್ ಬಿಯಿಂದಲೋ, ಕುಡಿತದಿಂದಲೋ, ಕೊಬ್ಬಿನಿಂದಲೋ ಸಿರೋಸಿಸ್ ಆಗಿ, ಅಂದರೆ ಗಾಯದ ಕಲೆ ತುಂಬಿ, ಆಗಲೇ ಸೋತಿರುತ್ತದೆ. ಮೊಲ ತಡೆದುಕೊಂಡದ್ದನ್ನು ಅದು ತಡೆಯಬೇಕೆಂದಿಲ್ಲ. ಪೋರ್ಟಲ್ ವೇನ್‌ನ ಮುಖ್ಯ ಕಾಂಡವೇ ಕಟ್ಟಿಕೊಂಡಿದ್ದರೆ ಆರ್ಟರಿಯನ್ನೂ ಮುಚ್ಚುವುದು ಲಿವರನ್ನೇ ಉಪವಾಸ ಕೆಡವಿದಂತೆ. ಬಿಲಿರುಬಿನ್, ಅಂದರೆ ಕಾಮಾಲೆಯ ಹಳದಿ ಅಂಶ, ರಕ್ತದಲ್ಲಿ ಏರಿದವರಿಗೆ ನಾನು ಟೇಸ್ ಮಾಡಲು ಒಪ್ಪುವುದು ಅಪರೂಪ. ಮನೆಯವರಿಗೆ ಬೇಸರವಾಗುತ್ತದೆ, ಆಗಲಿ.

ಟ್ರಯಲ್‌ಗೆ ಸೇರಿ ಎಂದು ಯಾರಾದರೂ ಹೇಳಿದರೆ ಹೆದರಬೇಕಿಲ್ಲ. ಹೊಸದೇನು, ಔಷಧವೋ ಕ್ಯಾಥೆಟರೋ? ತುದಿ ಎಲ್ಲಿ ನಿಲ್ಲಿಸುತ್ತೀರಿ? ಗಡ್ಡೆ ಬಿಟ್ಟು ಉಳಿದ ಲಿವರ್ ಎಷ್ಟು ಚೆನ್ನಾಗಿದೆ? ಇವಿಷ್ಟು ಕೇಳಿ. ಭಾರತದಲ್ಲಿ 2009ರಿಂದ ಔಷಧ ಟ್ರಯಲ್‌ಗಳ ಸರ್ಕಾರಿ ನೋಂದಣಿ ಕಡ್ಡಾಯ, ನಂಬರ್ ಕೇಳಿ ಪಡೆಯಬಹುದು. ಮುಂಬಯಿಯಲ್ಲಿ ಒಪ್ಪಿಗೆ ಪತ್ರ ಸಾಮಾನ್ಯವಾಗಿ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಸಿಗುತ್ತದೆ. ರೋಗಿಗೆ ತಿಳಿಯುವ ಭಾಷೆಯಲ್ಲೇ ಇರಬೇಕೆಂಬುದು ನಿಯಮ. ಕನ್ನಡ ಮಾತ್ರ ಓದಬಲ್ಲ ಅಮ್ಮನಿಂದ ಮರಾಠಿ ಪತ್ರಕ್ಕೆ ಸಹಿ ಹಾಕಿಸಬೇಡಿ. ಕನ್ನಡದ್ದನ್ನು ಮಾಡಿಸಿ, ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದು ಕೊಡಲು ಆಸ್ಪತ್ರೆಗೆ ಸ್ವಲ್ಪ ದಿನ ಬೇಕಾಗಬಹುದು, ಕೇಳಿ ಪಡೆದುಕೊಳ್ಳಿ.