ಬೂದು ಚುಕ್ಕೆಯಿಂದ ಮೆಟಾವರ್ಸ್‌ವರೆಗೆ: ‘ರೆಡಿ ಪ್ಲೇಯರ್ ಒನ್’ ಸುತ್ತಲಿನ ಜಗಳದ ಹಿನ್ನೆಲೆ

ಅರ್ನೆಸ್ಟ್ ಕ್ಲೈನ್ ಬರೆದ ‘ರೆಡಿ ಪ್ಲೇಯರ್ ಒನ್’ ಕಾದಂಬರಿ 2011ರಲ್ಲಿ ಅಮೆರಿಕದಲ್ಲಿ ಬಂತು. ಆಗ ಅದನ್ನು ಹೊಗಳಿದವರೇ ಜಾಸ್ತಿ. 2018ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಅದನ್ನು ಸಿನಿಮಾ ಮಾಡುವ ಹೊತ್ತಿಗೆ ಅದೇ ಪುಸ್ತಕವನ್ನು ಬೈಯುವವರ ಸಾಲು ಉದ್ದವಾಗಿತ್ತು. 2020ರಲ್ಲಿ ಎರಡನೇ ಭಾಗ ಬಂದಾಗ ವಿಮರ್ಶಕರು ಇನ್ನೂ ಕಟುವಾದರು. ಈ ನಡುವೆ ವರ್ಚುವಲ್ ರಿಯಾಲಿಟಿ (ವಿ.ಆರ್., ಅಂದರೆ ಕಂಪ್ಯೂಟರ್ ಕಟ್ಟಿದ ಲೋಕದೊಳಗೇ ಇದ್ದಂತೆ ಅನ್ನಿಸುವ ತಂತ್ರ) ಕಂಪನಿಗಳು ಪುಸ್ತಕವನ್ನು ತಮ್ಮ ಕನಸಿನ ಚಿತ್ರ ಅಂತ ಎತ್ತಿಕೊಂಡವು. ಪುಸ್ತಕ ಎಚ್ಚರಿಕೆಯೋ, ಹಳೆಯ ನೆನಪಿನ ಜಾತ್ರೆಯೋ, ವ್ಯಾಪಾರದ ನಕ್ಷೆಯೋ ಎಂಬ ವಾದ ಇನ್ನೂ ಮುಗಿದಿಲ್ಲ.

ಮೊದಲು ಕಥೆ ನೋಡೋಣ. 2040ರ ದಶಕದ ಅಮೆರಿಕ. ತೈಲ ಮುಗಿಯುತ್ತಾ ಬಂದಿದೆ, ಹವಾಮಾನ ಕೆಟ್ಟಿದೆ, ಕೆಲಸ ಸಿಗುವುದಿಲ್ಲ. ಒಕ್ಲಹೋಮಾ ಸಿಟಿಯ ಅಂಚಿನಲ್ಲಿ ಟ್ರೈಲರ್ ಮನೆಗಳನ್ನು ಒಂದರ ಮೇಲೊಂದು ಪೇರಿಸಿದ ಕೊಳೆಗೇರಿಯಲ್ಲಿ ವೇಡ್ ವಾಟ್ಸ್ ಎಂಬ ಹುಡುಗ ಇದ್ದಾನೆ. ಅವನ ಶಾಲೆ, ಗೆಳೆಯರು, ಆಟ ಎಲ್ಲವೂ ‘ಓಯಸಿಸ್’ ಎಂಬ ವರ್ಚುವಲ್ ಲೋಕದಲ್ಲೇ. ಅದರ ಪ್ರವೇಶ ಶುಲ್ಕ ಬರೀ 25 ಸೆಂಟ್. ಅದನ್ನು ಕಟ್ಟಿದ ಜೇಮ್ಸ್ ಹ್ಯಾಲಿಡೇ ಸಾಯುವ ಮೊದಲು ಅದರೊಳಗೆ ಒಂದು ‘ಈಸ್ಟರ್ ಎಗ್’ (ಆಟದೊಳಗಿನ ಗುಟ್ಟು) ಬಚ್ಚಿಟ್ಟಿದ್ದಾನೆ. ಅದನ್ನು ಹುಡುಕಿದವರಿಗೆ ಅವನ ಆಸ್ತಿ, ಕಂಪನಿ ಎಲ್ಲವೂ ಸೇರುತ್ತದೆ. ಹ್ಯಾಲಿಡೇ ಹುಟ್ಟಿದ್ದು 1972ರಲ್ಲಿ, ಕ್ಲೈನ್ ಹುಟ್ಟಿದ ವರ್ಷವೇ. ಹಾಗಾಗಿ ಸುಳಿವುಗಳೆಲ್ಲ 1980ರ ದಶಕದ ವಿಡಿಯೋ ಗೇಮ್, ಸಿನಿಮಾ, ಹಾಡುಗಳಲ್ಲಿ ಅಡಗಿವೆ. ಇನ್ನೊಂದು ಕಡೆ ಐಓಐ ಎಂಬ ದೈತ್ಯ ಕಂಪನಿ. ಓಯಸಿಸ್ ಕೈಗೆ ಬಂದರೆ ತಿಂಗಳ ಶುಲ್ಕ ಹಾಕಬೇಕು, ಜಾಹೀರಾತು ತುಂಬಬೇಕು ಅನ್ನುವುದು ಅದರ ಯೋಜನೆ. ಸಾಲ ತೀರಿಸಲಾಗದವರನ್ನು ಅದು ಜೀತಕ್ಕೆ ಇಟ್ಟುಕೊಳ್ಳುತ್ತದೆ.

ಈ ‘ಎಗ್’ ಕಲ್ಪನೆ ಎಲ್ಲಿಂದ ಬಂತು? ಕಾದಂಬರಿಯೇ ಅದನ್ನು ಹೇಳುತ್ತದೆ. ನನ್ನ ಮಟ್ಟಿಗೆ ಇಡೀ ಜಗಳದ ಬೇರು ಇರುವುದು ಅಲ್ಲೇ. ಅದಕ್ಕೆ 1979ರ ಕ್ಯಾಲಿಫೋರ್ನಿಯಾಗೆ ಹೋಗಬೇಕು.

ಅಟಾರಿ ಎಂಬ ವಿಡಿಯೋ ಗೇಮ್ ಕಂಪನಿ ಶುರುವಾದದ್ದು 1972ರಲ್ಲಿ. 1976ರಲ್ಲಿ ವಾರ್ನರ್ ಕಮ್ಯುನಿಕೇಷನ್ಸ್ ಅದನ್ನು ಸುಮಾರು 2.8 ಕೋಟಿ ಡಾಲರ್‌ಗೆ ಕೊಂಡಿತು. ಆಗ ಒಂದು ಗೇಮನ್ನು ಒಬ್ಬನೇ ಮಾಡುತ್ತಿದ್ದ. ಕಥೆ, ಚಿತ್ರ, ಸದ್ದು, ಪ್ರೋಗ್ರಾಂ ಎಲ್ಲವೂ ಒಬ್ಬನದೇ ಕೈ. ಆದರೆ ಡಬ್ಬಿಯ ಮೇಲೆ ಮಾಡಿದವನ ಹೆಸರು ಇರುತ್ತಿರಲಿಲ್ಲ. ಮಾರಾಟದಲ್ಲಿ ಪಾಲೂ ಇರಲಿಲ್ಲ. ವಾರೆನ್ ರಾಬಿನೆಟ್ ಎಂಬ ಯುವಕ ಅಲ್ಲಿ ‘ಅಡ್ವೆಂಚರ್’ ಎಂಬ ಗೇಮ್ ಬರೆದ. ಇಡೀ ಆಟ ಗೇಮ್ ಯಂತ್ರಕ್ಕೆ ಸಿಕ್ಕಿಸುವ 4 ಕಿಲೋಬೈಟ್‌ನ ಕಾರ್ಟ್ರಿಡ್ಜ್‌ನಲ್ಲಿ ಕೂರಬೇಕು. ಯಂತ್ರದ ರ‍್ಯಾಮ್ ಬರೀ 128 ಬೈಟ್. ಅಷ್ಟರಲ್ಲೇ ಅವನು ಕೋಟೆ, ಡ್ರ್ಯಾಗನ್, ಬಾವಲಿ, ಚಕ್ರವ್ಯೂಹಗಳನ್ನು ಕಟ್ಟಿದ. ನಾಯಕ ಒಂದು ಸಣ್ಣ ಚೌಕ ಅಷ್ಟೇ. ಈ ಗೇಮ್ ಸುಮಾರು 10 ಲಕ್ಷ ಪ್ರತಿ ಮಾರಾಟವಾಯಿತು. ಮಾಡಿದವನಿಗೆ ಸಿಕ್ಕಿದ್ದು ವರ್ಷಕ್ಕೆ 22,000 ಡಾಲರ್‌ನ ಸಂಬಳ.

ರಾಬಿನೆಟ್ ಯಾರಿಗೂ ಹೇಳದೆ ಆಟದೊಳಗೆ ಒಂದು ಕೋಣೆ ಬಚ್ಚಿಟ್ಟ. ಕಪ್ಪು ಕೋಟೆಯ ಒಳಗೆ, ಗೋಡೆಗಳ ಮಧ್ಯೆ, ಹಿನ್ನೆಲೆಯದೇ ಬಣ್ಣದ ಒಂದು ಬೂದು ಚುಕ್ಕೆ ಇದೆ. ಕಣ್ಣಿಗೆ ಕಾಣುವುದೇ ಇಲ್ಲ ಎನ್ನಬಹುದು. ಅದನ್ನು ಎತ್ತಿಕೊಂಡು ಇನ್ನೊಂದು ಕಡೆಯ ಗೋಡೆಯ ಹತ್ತಿರ ಹೋಗಿ, ಬೇರೆ ವಸ್ತುಗಳನ್ನೂ ಅಲ್ಲಿ ತಂದಿಟ್ಟರೆ ಗೋಡೆ ದಾಟಬಹುದು. ಆಚೆಯ ಕೋಣೆಯಲ್ಲಿ ‘ಸೃಷ್ಟಿಸಿದವರು ವಾರೆನ್ ರಾಬಿನೆಟ್’ ಎಂಬ ಅಕ್ಷರಗಳು ಬಣ್ಣ ಬಣ್ಣವಾಗಿ ಮಿನುಗುತ್ತವೆ. ಇಷ್ಟು ಮಾಡಿ ಅವನು ಸುಮ್ನೆ ಕೆಲಸ ಬಿಟ್ಟು ಹೋದ. 1980ರಲ್ಲಿ ಸಾಲ್ಟ್ ಲೇಕ್ ಸಿಟಿಯ ಹದಿಹರೆಯದ ಹುಡುಗನೊಬ್ಬ ಅದನ್ನು ಹುಡುಕಿ ಕಂಪನಿಗೆ ಪತ್ರ ಬರೆದಾಗಲೇ ವಿಷಯ ಹೊರಬಿದ್ದದ್ದು. ಚಿಪ್ ಬದಲಿಸಲು ಖರ್ಚು ಜಾಸ್ತಿ. ಇದ್ದ ಹಾಗೇ ಇರಲಿ, ಆಡುವವರಿಗೆ ಇದೊಂದು ಈಸ್ಟರ್ ಹಬ್ಬದ ಮೊಟ್ಟೆ (ಎಗ್) ಹುಡುಕಾಟ ಅನ್ನಿಸಲಿ ಎಂದು ಒಳಗಿನವರು ತೀರ್ಮಾನಿಸಿದರು. ಹೆಸರು ಹಾಗೆ ಬಂತು.

ಇದೇ ಮೊದಲ ಎಗ್ ಅಂತ ಕಾದಂಬರಿ ಹೇಳುತ್ತದೆ. ಪುಸ್ತಕ ಬಂದ ಆರು ವರ್ಷದ ಮೇಲೆ, 2017ರಲ್ಲಿ, 1977ರ ‘ಸ್ಟಾರ್‌ಶಿಪ್ 1’ ಎಂಬ ಆರ್ಕೇಡ್ (ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವ) ಗೇಮ್‌ನಲ್ಲಿ ‘ಹಾಯ್ ರಾನ್’ ಎಂಬ ಇನ್ನೂ ಹಳೆಯ ಗುಟ್ಟು ಸಿಕ್ಕಿತು. ರಾನ್ ಮಿಲ್ನರ್ ಆ ಗೇಮ್ ಮಾಡಿದ ಎಂಜಿನಿಯರ್. ಅದೂ ಅಟಾರಿಯದೇ ಗೇಮ್. ಇಬ್ಬರೂ ಬಚ್ಚಿಟ್ಟದ್ದು ಹೆಸರನ್ನೇ ಅಲ್ವಾ! 1979ರಲ್ಲೇ ಅಟಾರಿಯ ನಾಲ್ವರು ಪ್ರೋಗ್ರಾಮರ್‌ಗಳು ಹೆಸರು ಮತ್ತು ಪಾಲಿನ ವಿಚಾರಕ್ಕೇ ಹೊರಬಿದ್ದು ‘ಆಕ್ಟಿವಿಷನ್’ ಶುರು ಮಾಡಿದರು. ಅಲ್ಲಿ ಗೇಮ್ ಮಾಡಿದವರ ಹೆಸರನ್ನು ರಾಜಾರೋಷವಾಗಿ ಅಚ್ಚು ಹಾಕಿದರು.

ಹೀಗೆ ಕೆಲಸಗಾರನೊಬ್ಬ ತನ್ನ ಹೆಸರಿಗಾಗಿ ಮಾಡಿದ ಪ್ರತಿಭಟನೆಯಾಗಿತ್ತು ಈ ಎಗ್. ಕಾದಂಬರಿಯಲ್ಲಿ ಅದು ಸತ್ತ ಕುಬೇರನ ಉಯಿಲಾಯಿತು. ಬಡ ಮಕ್ಕಳು ಅವನ ಬಾಲ್ಯದ ಇಷ್ಟಗಳನ್ನು ಪಠ್ಯಪುಸ್ತಕದಂತೆ ಬಾಯಿಪಾಠ ಮಾಡುತ್ತಾರೆ. ಅವರಿಗೆ ತಮ್ಮದೇ ಅಂತ ಒಂದು ಹಾಡೂ ಇಲ್ಲ. ಮುಂದೆ ವಿಮರ್ಶಕರು ಹಿಡಿದದ್ದು ಈ ಎಳೆಯನ್ನೇ. ನೆನಪಿನ ಪಟ್ಟಿ ಓದಿಸುವುದೇ ಕಥೆಯೇ? ಯಾರ ನೆನಪು ಪಟ್ಟಿಗೆ ಸೇರಿದೆ, ಯಾರದು ಬಿಟ್ಟುಹೋಗಿದೆ? 2014ರಲ್ಲಿ ಗೇಮ್ ಲೋಕದಲ್ಲಿ ಹೆಣ್ಣುಮಕ್ಕಳ ಮೇಲೆ ದೊಡ್ಡ ಮಟ್ಟದ ಆನ್‌ಲೈನ್ ದಾಳಿ ನಡೆದ ಮೇಲೆ ಈ ಪ್ರಶ್ನೆಗಳಿಗೆ ಧ್ವನಿ ಏರಿತು. ಕನ್ನಡದ ಓದುಗರಿಗೆ ಆ ಪಟ್ಟಿಯ ಬಹುಪಾಲು ಅನ್ಯವೇ. ಅಟಾರಿ ಅಮೆರಿಕದ ಮನೆಗಳಲ್ಲಿದ್ದಾಗ ನಮ್ಮಲ್ಲಿ ದೂರದರ್ಶನವೇ ಹೊಸದಾಗಿತ್ತು. ಆದರೂ ಓಡುವ ಕಥೆ ಅದು, ಕೈಬಿಡಲಾಗದು.

ಅದೇ 2014ರ ಏಪ್ರಿಲ್‌ನಲ್ಲಿ ನ್ಯೂ ಮೆಕ್ಸಿಕೋದ ಅಲಮಗೋರ್ಡೊ ಊರಿನ ಕಸದ ಗುಂಡಿ ಅಗೆದರು. 1983ರಲ್ಲಿ ಮಾರಾಟವಾಗದೆ ಅಟಾರಿ ಹೂತುಹಾಕಿದ್ದ ಗೇಮ್‌ಗಳು ಹೊರಬಂದವು. ಹರಾಜಿನಲ್ಲಿ ಅವಕ್ಕೆ ಒಟ್ಟು ಲಕ್ಷ ಡಾಲರ್‌ಗೂ ಹೆಚ್ಚು ಬಂತು. ನೆನಪಿಗೆ ಎಷ್ಟು ಬೆಲೆ ಕಟ್ಟಬಹುದು ಅಂತ ಎಲ್ಲರಿಗೂ ಗೊತ್ತಾಯಿತು.

ವರ್ಚುವಲ್ ರಿಯಾಲಿಟಿಯ ಇತಿಹಾಸ ಇನ್ನೂ ಹಳೆಯದು: 1968ರಲ್ಲಿ ಐವನ್ ಸದರ್ಲೆಂಡ್ ತಲೆಗೆ ಹಾಕುವ ಮೊದಲ ಪರದೆ ಮಾಡಿದರು, 1980ರ ದಶಕದಲ್ಲಿ ಜೇರನ್ ಲೇನಿಯರ್ ಈ ಹೆಸರನ್ನು ಜನಪ್ರಿಯ ಮಾಡಿದರು, 1992ರಲ್ಲಿ ನೀಲ್ ಸ್ಟೀಫನ್‌ಸನ್ ತಮ್ಮ ಕಾದಂಬರಿಯಲ್ಲಿ ‘ಮೆಟಾವರ್ಸ್’ (ಎಲ್ಲರೂ ಸೇರುವ ವರ್ಚುವಲ್ ಲೋಕ) ಪದ ತಂದರು, 1995ರಲ್ಲಿ ನಿಂಟೆಂಡೊದ ‘ವರ್ಚುವಲ್ ಬಾಯ್’ ಗೇಮ್ ಯಂತ್ರ ಸೋತಿತು. ಇಲ್ಲೂ ರಾಬಿನೆಟ್ ಇದ್ದಾರೆ. ಅಟಾರಿ ಬಿಟ್ಟ ಮೇಲೆ ಅವರು ನಾಸಾದ ಏಮ್ಸ್ ಕೇಂದ್ರದಲ್ಲಿ ವಿ.ಆರ್. ಯೋಜನೆಗೆ ಸಾಫ್ಟ್‌ವೇರ್ ಬರೆದರು. ಬೂದು ಚುಕ್ಕೆಗೂ ವಿ.ಆರ್. ಹೆಲ್ಮೆಟ್‌ಗೂ ಒಬ್ಬನೇ ಮನುಷ್ಯ ದುಡಿದಿದ್ದಾನೆ ಅನ್ನುವುದು ಈ ಇತಿಹಾಸದಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ.

2012ರಲ್ಲಿ ಆಕ್ಯುಲಸ್ ಎಂಬ ಸಣ್ಣ ಕಂಪನಿ ಜನರಿಂದಲೇ ಸುಮಾರು 24 ಲಕ್ಷ ಡಾಲರ್ ಎತ್ತಿ ಹೊಸ ಹೆಡ್‌ಸೆಟ್ ಮಾಡಲು ಹೊರಟಿತು. ಹೊಸದಾಗಿ ಸೇರಿದವರಿಗೆ ಅಲ್ಲಿ ಕ್ಲೈನ್ ಅವರ ಕಾದಂಬರಿ ಕೊಡುತ್ತಿದ್ದರು. 2014ರಲ್ಲಿ ಫೇಸ್‌ಬುಕ್ ಆ ಕಂಪನಿಯನ್ನು 200 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಪ್ರಕಟಿಸಿತು. 2021ರ ಅಕ್ಟೋಬರ್‌ನಲ್ಲಿ ತನ್ನ ಹೆಸರನ್ನೇ ‘ಮೆಟಾ’ ಎಂದು ಬದಲಿಸಿಕೊಂಡಿತು. ಅದರ ವಿ.ಆರ್. ವಿಭಾಗದ ನಷ್ಟ 2022ರಲ್ಲಿ ಸುಮಾರು 1,370 ಕೋಟಿ ಡಾಲರ್, 2024ರಲ್ಲಿ ಸುಮಾರು 1,770 ಕೋಟಿ ಡಾಲರ್. ಕಾದಂಬರಿಯ ಕೊನೆಯಲ್ಲಿ ವೇಡ್‌ಗೆ ಓಯಸಿಸ್‌ಗೆ ಮರಳುವ ಆಸೆಯೇ ಆಗುವುದಿಲ್ಲ. ಆ ಪುಟಕ್ಕೆ ಬರುವ ಮೊದಲೇ ಹಲವರು ಪುಸ್ತಕ ಮುಚ್ಚಿಟ್ಟರೇನೋ.

ಸಿನಿಮಾ ಇನ್ನೊಂದು ಸತ್ಯ ತೋರಿಸಿತು. ಪುಸ್ತಕದಲ್ಲಿ ಬೇರೆಯವರ ಸಿನಿಮಾ, ಗೇಮ್‌ಗಳ ಹೆಸರು ಹೇಳಲು ಹಣ ಬೇಕಿಲ್ಲ. ತೆರೆಯ ಮೇಲೆ ತೋರಿಸಬೇಕಾದರೆ ಒಂದೊಂದಕ್ಕೂ ಹಕ್ಕು ಬೇಕು. ನಿರ್ಮಾಪಕರು ವರ್ಷಗಟ್ಟಲೆ ಅದಕ್ಕಾಗಿ ಓಡಾಡಿದರು. ಕಾದಂಬರಿಯ ‘ಬ್ಲೇಡ್ ರನ್ನರ್’ ಸಿನಿಮಾ ಸಿಗಲಿಲ್ಲ, ಜಪಾನಿನ ಟಿ.ವಿ. ನಾಯಕ ‘ಅಲ್ಟ್ರಾಮನ್’ ಹಕ್ಕಿನ ವಿವಾದದಲ್ಲಿತ್ತು. ಅವುಗಳ ಜಾಗದಲ್ಲಿ ‘ದ ಶೈನಿಂಗ್’, ‘ಐರನ್ ಜೈಂಟ್’ ಬಂದವು. ಎರಡೂ ವಾರ್ನರ್ ಬ್ರದರ್ಸ್ ಚಿತ್ರಗಳು, ಈ ಸಿನಿಮಾ ಬಿಡುಗಡೆ ಮಾಡಿದ್ದೂ ವಾರ್ನರ್ ಬ್ರದರ್ಸ್. ನೆನಪು ನಮ್ಮದು ಅಂದುಕೊಳ್ಳುತ್ತೇವೆ, ಕಾಗದಪತ್ರ ಬೇರೆಯವರ ಹತ್ತಿರ ಇರುತ್ತದೆ. ಸಿನಿಮಾದ ಕೊನೆಯ ಸವಾಲು ‘ಅಡ್ವೆಂಚರ್’ ಗೇಮೇ. ವೇಡ್ ಬೂದು ಚುಕ್ಕೆ ಹೊತ್ತು ರಾಬಿನೆಟ್ ಹೆಸರಿನ ಕೋಣೆಗೆ ಹೋಗುತ್ತಾನೆ. 1979ರಲ್ಲಿ ಆ ಹೆಸರು ಗುಟ್ಟಾಗಿ ಸೇರಿಕೊಂಡಾಗ ಅಟಾರಿಯ ಒಡೆತನ ವಾರ್ನರ್ ಬಳಗದ್ದೇ ಆಗಿತ್ತು.

ಹೆಸರಿನ ಪ್ರಶ್ನೆ ನಮ್ಮ ಬೆಂಗಳೂರಿಗೂ ಬಂದಿದೆ. 1997ರಲ್ಲಿ ಇಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್, ದೇಶದ ಮೊದಲ ಗೇಮ್ ಸ್ಟುಡಿಯೋಗಳಲ್ಲಿ ಒಂದು. ಹೊರದೇಶದ ದೊಡ್ಡ ಗೇಮ್‌ಗಳಿಗೆ ಕಾರು, ಕಟ್ಟಡ, ಪಾತ್ರಗಳ ಚಿತ್ರ ಮಾಡಿಕೊಟ್ಟು ಬೆಳೆಯಿತು. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡಿತು. ಇಂಥ ಕೆಲಸ ಇವತ್ತು ಬೆಂಗಳೂರಿನ ಎಷ್ಟೋ ಹುಡುಗ ಹುಡುಗಿಯರ ಬದುಕು. ಹೊರಗುತ್ತಿಗೆಯಲ್ಲಿ ದುಡಿದವರ ಹೆಸರು ಗೇಮ್‌ನ ಕೊನೆಯ ಪಟ್ಟಿಯಲ್ಲಿ ಬರುತ್ತದೋ ಇಲ್ಲವೋ ಅನ್ನುವುದು ಈಗಲೂ ಒಪ್ಪಂದದ ಮೇಲೆ ನಿಂತಿದೆ. ಒಬ್ಬೊಬ್ಬರ ಹೆಸರೂ ಬರಬಹುದು, ಬರೀ ಸ್ಟುಡಿಯೋ ಹೆಸರು ಬರಬಹುದು, ಏನೂ ಬಾರದೆಯೂ ಇರಬಹುದು.